ಚಹಾ ಮಸಾಲೆ ಒಂದು ಕೆಜಿ ಒಮ್ಮೆಗೇ ಮಾಡಿ ಗಿರಣಿಯಲ್ಲಿ ಬೀಸಿಸಬಹುದಾ?

ಸಿಂಧನೂರಿನವರು ಅಂತ ಬರೆದಿದ್ದೀರಿ. ಒಂದು ಕೆಜಿ ಮಸಾಲೆಗೆ ಯಾವುದು ಎಷ್ಟು, ಹುರಿಯಬೇಕಾ, ಮಿಕ್ಸಿ ಬದಲು ಗಿರಣಿಗೆ ಕೊಟ್ಟರೆ ನುಣ್ಣಗೆ ಆಗುತ್ತಾ, ಅಂಗಡಿ ಡಬ್ಬಿಗಿಂತ ಅಗ್ಗ ಬೀಳುತ್ತಾ ಅಂತ ಕೇಳಿದ್ದೀರಿ. "ಗಿರಣಿ" ಅಂತ ಓದಿದ ಕೂಡಲೇ ನನ್ನ ತುಟಿ ಚುರುಗುಟ್ಟಿತು. ಸುಮ್ನೆ ಹೇಳ್ತಿಲ್ಲ.

ನಾನು ಸಿರುಗುಪ್ಪದವನು. ಕೆಲವು ವರ್ಷದ ಹಿಂದೆ, ಯುಗಾದಿಗೆ ಹದಿನೈದು ದಿನ ಇರುವಾಗ, ಇದೇ ಹುಚ್ಚು ನನಗೂ ಹಿಡಿದಿತ್ತು. ಅಂಗಡಿಯಲ್ಲಿ 50 ಗ್ರಾಂ ಡಬ್ಬಿಯ ಬೆಲೆ ನೋಡಿದೆ. ಅದನ್ನು ಇಪ್ಪತ್ತರಿಂದ ಗುಣಿಸಿದೆ. ಅಷ್ಟಕ್ಕೆ ನಾನೇ ದೊಡ್ಡ ವ್ಯಾಪಾರಿ ಅನ್ನಿಸಿಬಿಟ್ಟಿತು. ಒಂದು ಕೆಜಿ ಮಾಡೋದು, ನೂರು ನೂರು ಗ್ರಾಂ ಪೊಟ್ಟಣ ಕಟ್ಟಿ ಓಣಿಯ ಒಂಬತ್ತು ಮನೆಗೆ ಹಬ್ಬಕ್ಕೆ ಕೊಡೋದು, ಒಂದು ನಮಗೆ. ರುಚಿ ಹಿಡಿದರೆ ಮುಂದಿನ ಸಲ ಮಾರೋದು. ಇದು ಲೆಕ್ಕ.

ತಂದ ಸಾಮಾನು ಈಗಲೂ ಬಾಯಿಪಾಠ. ಯಾಲಕ್ಕಿ 300 ಗ್ರಾಂ, ಒಣ ಶುಂಠಿ 350, ಕರಿಮೆಣಸು 150, ಚಕ್ಕೆ 120, ಲವಂಗ 60, ಎರಡು ಜಾಜಿಕಾಯಿ. ಯಾಲಕ್ಕಿ ಒಂದಕ್ಕೇ ಸಾವಿರದ ಹತ್ತಿರ ಹೋಯಿತು. ಉಳಿದದ್ದೆಲ್ಲ ಸೇರಿ ಅದರ ಅರ್ಧವೂ ಇಲ್ಲ. ಮಸಾಲೆ ಅಂದರೆ ನಿಜವಾಗಿ ಯಾಲಕ್ಕಿ, ಮಿಕ್ಕಿದ್ದು ಅದರ ಹಿಂದೆ ಬರುವ ಬಳಗ. ಅಂಗಡಿ ಡಬ್ಬಿಯಲ್ಲಿ ಶುಂಠಿ ಯಾಕೆ ಜಾಸ್ತಿ ಇರುತ್ತದೆ ಅಂತ ಆ ದಿನ ಕಿರಾಣಿ ಅಂಗಡಿಯ ಕಟ್ಟೆ ಮೇಲೆ ನಿಂತೇ ಅರ್ಥವಾಯಿತು.

ಮನೆಯ ಮಿಕ್ಸಿಗೆ ಮೊದಲು ಹಾಕಿ ನೋಡಿದೆ. ಶುಂಠಿ ಕಲ್ಲಿನ ಹಾಗೆ. ಬ್ಲೇಡ್ ಕಿರ್ರೋ ಅಂದಿತು, ಸುಟ್ಟ ವಾಸನೆ ಬಂತು. ಒಂದು ಕೆಜಿ ಮುಗಿಯುವಷ್ಟರಲ್ಲಿ ಮಿಕ್ಸಿಯೇ ಮುಗಿಯುತ್ತದೆ ಅಂದುಕೊಂಡು ಎಲ್ಲವನ್ನೂ ಚೀಲಕ್ಕೆ ಸುರಿದು ಗಿರಣಿಗೆ ಹೊರಟೆ.

ಇಲ್ಲಿ ಸ್ವಲ್ಪ ನಿಧಾನ ಓದಿ. ತಪ್ಪು ನಡೆದದ್ದು ಇಲ್ಲೇ.

ಅದು ಮಾರ್ಚ್ ತಿಂಗಳು. ನಿಮಗೂ ಗೊತ್ತಲ್ವಾ, ನಮ್ಮ ಕಡೆ ಆ ಹೊತ್ತಿಗೆ ಗಿರಣಿಗಳಲ್ಲಿ ಏನು ನಡೆದಿರುತ್ತದೆ ಅಂತ. ಸಿರುಗುಪ್ಪ, ಕುರುಗೋಡು ಕಡೆಯ ಕಣಗಳಲ್ಲಿ ಒಣಗಿದ ಮೆಣಸಿನಕಾಯಿ ಮನೆಮನೆಗೆ ಬಂದಿರುತ್ತದೆ. ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸುವ ಕಾಲ. ಗಿರಣಿಯ ಮುಂದೆ ಹಾಯುವವರೆಲ್ಲ ಸೀನುತ್ತಲೇ ಹಾಯುತ್ತಾರೆ. ನಾನೂ ಸೀನಿದೆ. ಸೀನುತ್ತಲೇ ಒಳಗೆ ಹೋಗಿ ಚೀಲ ಇಟ್ಟೆ. ಅಷ್ಟು ಹೊತ್ತಿಗಾದರೂ ತಲೆಗೆ ಹೊಳೆಯಬೇಕಿತ್ತು.

ಜೋಳ ಬೀಸುವ ಕಲ್ಲಿಗೆ ಮಸಾಲೆ ಹಾಕಲು ಅವರು ಒಪ್ಪಲಿಲ್ಲ. ಅದು ಸರಿಯೇ. ಆಮೇಲೆ ಊರಿನ ರೊಟ್ಟಿಯೆಲ್ಲ ಲವಂಗ ನಾರುತ್ತದೆ. ಪಕ್ಕದಲ್ಲಿ ಖಾರದ ಮಷೀನ್ ಇತ್ತು. "ಅದರಾಗ ಖಾರ ಹತ್ತಂಗಿಲ್ಲೇನ್ರಿ?" ಅಂತ ಕೇಳಿದೆ. "ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸ್ತೀನ್ರಿ, ಎಲ್ಲ ಸಾಫ್ ಆಗ್ತೈತಿ" ಅಂದರು. ಅಕ್ಕಿ ಹಾಕಿದರು. ಕೆಳಗೆ ಬಿದ್ದ ಅಕ್ಕಿಹಿಟ್ಟು ತಿಳಿ ಗುಲಾಬಿ ಬಣ್ಣಕ್ಕಿತ್ತು. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಹಿಂದೆ ಹತ್ತು ಜನ ಪಾಳಿಯಲ್ಲಿದ್ದರು, ಇನ್ನೊಂದು ಹಿಡಿ ಹಾಕಿ ಅನ್ನಲು ನಾಚಿಕೆ.

ಗಿರಣಿಯವರ ತಪ್ಪು ಅಂತ ನಾನು ಹೇಳಲ್ಲ. ಅವರು ಹೇಳಿದ್ದು ಬೇಳೆ, ಧನಿಯಾ ಬೀಸುವಾಗ ನಡೆಯುವ ಮಾತು. ಸಾರಿನ ಪುಡಿಗೆ ಚೂರು ಖಾರ ಹತ್ತಿದರೆ ಯಾರು ಕೇಳುತ್ತಾರೆ? ಚಹಾಕ್ಕೆ ಹಾಗಲ್ಲ. ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ಕರಗುವಂಥದ್ದು. ಮಷೀನಿನ ಒಳಗೋಡೆಗೆ ಎಣ್ಣೆಯ ಪದರದ ಹಾಗೆ ಕೂತಿರುತ್ತದೆ. ಒಣ ಅಕ್ಕಿ ಮೇಲಿನ ಪುಡಿ ಒರೆಸುತ್ತದೆ, ಪದರ ಹಾಗೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಹಿಟ್ಟು ಹಾರದಿರಲಿ ಅಂತ ಮಷೀನಿನ ಬಾಯಿಗೆ ಕಟ್ಟಿರುವ ಬಟ್ಟೆ ಚೀಲ ಇದೆಯಲ್ಲ, ಅದು. ಆ ಬಟ್ಟೆ ಕೆಂಪಗೇ ಇತ್ತು. ಬಟ್ಟೆಯ ನೂಲುನೂಲಿನಲ್ಲೂ ಖಾರ. ನನ್ನ ಸಾವಿರ ರೂಪಾಯಿಯ ಯಾಲಕ್ಕಿ ಆ ಬಟ್ಟೆಯ ಮೂಲಕವೇ ಡಬ್ಬಿಗೆ ಇಳಿಯಿತು. ಬೀಸುವಾಗ ಓಣಿ ತುಂಬ ಘಮ. ಪಾಳಿಯಲ್ಲಿದ್ದವರು "ಏನ್ ವಾಸನಿರೀ!" ಅಂದರು. ನಾನು ಉಬ್ಬಿಹೋದೆ. ಮಷೀನ್ ಬಿಸಿಗೆ ಯಾಲಕ್ಕಿಯ ಎಣ್ಣೆ ಹಾರಿ ಹೋಗುತ್ತಿದೆ, ಆ ಘಮ ನನ್ನ ಡಬ್ಬಿಯಲ್ಲಿ ಇರಬೇಕಿತ್ತು ಅಂತ ಆಗ ಯಾರು ಹೇಳಬೇಕು? ಪುಡಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇತ್ತು.

ಮನೆಗೆ ಬಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಖಾರ ಇತ್ತು. ಶುಂಠಿ, ಮೆಣಸು ಇರುವಾಗ ಇರಲೇಬೇಕಲ್ವಾ ಅಂದುಕೊಂಡೆ. ಪೊಟ್ಟಣ ಕಟ್ಟಿ ಹಂಚಿಬಿಟ್ಟೆ.

ಮರುದಿನ ಬೆಳಗ್ಗೆ ಎದುರು ಮನೆಯ ಅಕ್ಕೋರು ಬಾಗಿಲಿಗೆ ಬಂದರು. ನಿವೃತ್ತರು, ನಮ್ಮ ಓಣಿಯ ಅರ್ಧ ಜನಕ್ಕೆ ಅಆಇಈ ಕಲಿಸಿದವರು. ಕಂಕುಳಲ್ಲಿ ಮೊಮ್ಮಗ, ಅವನ ಬಾಯಿ ಕೆಂಪಗೆ, ಬಿಕ್ಕುತ್ತಿದ್ದಾನೆ. ಬಸಿಯಲ್ಲಿ ಎರಡು ಗುಟುಕು ಚಹಾ ಕೊಟ್ಟಿದ್ದರಂತೆ. ಅಕ್ಕೋರು ಬೈಯಲಿಲ್ಲ. "ನೀನು ಕುಡಿದು ನೋಡಿ ಕೊಟ್ಟೆಯೇನಪ್ಪಾ?" ಅಂತ ಅಷ್ಟೇ ಕೇಳಿದರು. ನಾನು ಕುಡಿದಿರಲಿಲ್ಲ. ಚಿಟಿಕೆ ನೆಕ್ಕಿದ್ದೆ ಅಷ್ಟೇ.

ಚಿಟಿಕೆ ನೆಕ್ಕುವುದಕ್ಕೂ ಬಿಸಿ ಚಹಾದಲ್ಲಿ ಕುಡಿಯುವುದಕ್ಕೂ ಯಾಕಷ್ಟು ವ್ಯತ್ಯಾಸ ಅಂತ ಆಮೇಲೆ ಓದಿ ತಿಳಿದುಕೊಂಡೆ. ಬಾಯಿಯಲ್ಲಿ ಬಿಸಿಯನ್ನೂ ಮೆಣಸಿನಕಾಯಿ ಖಾರವನ್ನೂ ಗುರುತಿಸುವುದು ಒಂದೇ ಬಾಗಿಲು. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ಅದು ತೆರೆಯುತ್ತದೆ, ಖಾರ ತಾಗಿದರೂ ತೆರೆಯುತ್ತದೆ. ಅದಕ್ಕೇ ಖಾರ ತಿಂದಾಗ "ಉರಿ" ಅನ್ನುತ್ತೇವೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ತಣ್ಣಗಿನ ಪುಡಿಯಲ್ಲಿ ಇಷ್ಟೇ ಇಷ್ಟು ಅನ್ನಿಸಿದ ಖಾರ, ಕುದಿಯುವ ಚಹಾದಲ್ಲಿ ಬಿಸಿಯ ಜೊತೆ ಸೇರಿ ಎರಡು ಕಡೆಯಿಂದ ಹೊಡೆಯುತ್ತದೆ. ಕರಿಮೆಣಸು, ಶುಂಠಿ ಕೂಡ ಅದೇ ಬಾಗಿಲು ತಟ್ಟುತ್ತವೆ, ಆದರೆ ಮೆಲ್ಲಗೆ. ನಾನು ಮೋಸ ಹೋದದ್ದು ಅದಕ್ಕೇ.

ಒಪ್ಪಿಕೊಂಡೆನಾ? ಇಲ್ಲ. ಎರಡು ದಿನ ಮೆಣಸು ಜಾಸ್ತಿಯಾಗಿದೆ ಅಂತ ವಾದಿಸಿದೆ. ಇನ್ನೂ ನೂರು ಗ್ರಾಂ ಯಾಲಕ್ಕಿ ತಂದು ಬೆರೆಸಿದೆ! ಮತ್ತೆ ಮುನ್ನೂರು ರೂಪಾಯಿ. ಹಾಲು ಜಾಸ್ತಿ ಹಾಕಿ ಕುದಿಸಿದೆ, ಸಕ್ಕರೆ ಹಾಕಿದೆ. ಕೊನೆಗೆ ಅವ್ವ ಒಂದು ಚಮಚ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿದಳು. ಕಂದು ಪುಡಿಯ ನಡುವೆ ಸಣ್ಣ ಸಣ್ಣ ಕೆಂಪು ಚುಕ್ಕೆ. "ಅಲ್ಲೋ ತಮ್ಮಾ, ಇದು ಮೆಣಸಿನ ಖಾರ ಅಲ್ಲ, ಮೆಣಸಿನಕಾಯಿ ಖಾರ" ಅಂದಳು. ಕರಿಮೆಣಸಿನ ಖಾರ ಬಂದು ಹೋಗುತ್ತದೆ, ಶುಂಠಿ ಗಂಟಲಲ್ಲಿ ಬೆಚ್ಚಗೆ ಕೂರುತ್ತದೆ, ಲವಂಗ ನಾಲಿಗೆಯನ್ನು ಜೋಮು ಹಿಡಿಸುತ್ತದೆ. ತುಟಿಗೆ ಹತ್ತಿ ಕಾಲು ಗಂಟೆ ಬಿಡದಿರುವುದು ಮೆಣಸಿನಕಾಯಿ ಮಾತ್ರ. ಅವ್ವನಿಗೆ ನೊಬೆಲ್ ಬೇಕಾಗಲಿಲ್ಲ.

ನೋಡಿ, ಆ ಚೀಲದಲ್ಲಿ ನಮ್ಮ ಹೊಲದ್ದು ಅಂತ ಒಂದೂ ಇರಲಿಲ್ಲ. ಯಾಲಕ್ಕಿ ಸಕಲೇಶಪುರ ಕಡೆಯದು, ಮೆಣಸು ಕೊಡಗು, ಶಿರಸಿಯದು. ನಮ್ಮಲ್ಲಿ ಬೆಳೆಯುವುದು ಮೆಣಸಿನಕಾಯಿ. ಅದೂ ಒಂದು ಕಾಲಕ್ಕೆ ಪೋರ್ಚುಗೀಸರ ಹಡಗಿನಲ್ಲಿ ಬಂದ ಹೊರಗಿನದು, ನಮ್ಮ ಮೆಣಸಿನ ಹೆಸರನ್ನೇ ಹಚ್ಚಿಕೊಂಡು ಉಳಿಯಿತು. ನನ್ನ ಮಸಾಲೆಗೂ ಹಾಗೇ, ಕರೆಯದೇ ಬಂದು ಸೇರಿತು.

ಒಂಬತ್ತು ಮನೆ ಸುತ್ತಿ ಪೊಟ್ಟಣ ವಾಪಸ್ ತಂದೆ. ಏಳು ಸಿಕ್ಕವು. ಆ ಪುಡಿಯನ್ನು ಅವ್ವ ಎಸೆಯಲು ಬಿಡಲಿಲ್ಲ. ಮೂರು ತಿಂಗಳು ಪಲಾವಿಗೂ ಮಟನ್ ಸಾರಿಗೂ ಅದೇ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಅಕ್ಕೋರು ಮಾತ್ರ ಈಗಲೂ ನಮ್ಮ ಮನೆಗೆ ಬಂದರೆ "ನೀರು ಕೊಡು ಸಾಕು" ಅನ್ನುತ್ತಾರೆ.

ಈಗ ನಿಮ್ಮ ಪ್ರಶ್ನೆ. ಒಂದು ಕೆಜಿ ಮಾಡಬೇಡಿ. ಪ್ರಮಾಣ ಎಷ್ಟು ಅಂತ ಕೇಳಿದ್ದೀರಿ, ನಾನು ಮೊದಲು ಒಟ್ಟು ಎಷ್ಟು ಅಂತ ಕೇಳುತ್ತೇನೆ. ಗಿರಣಿಗೆ ಹೋಗುವ ಯೋಚನೆ ಬಂದದ್ದೇ ಒಂದು ಕೆಜಿ ಅಂದುಕೊಂಡದ್ದರಿಂದ. 50 ಗ್ರಾಂ ಮಾಡುವವನಿಗೆ ಗಿರಣಿ ನೆನಪೇ ಆಗಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದು ದಿನಕ್ಕೆ ಎರಡು ಸಲ ಚಹಾ ಅಂದರೂ 50 ಗ್ರಾಂ ಮೂರು ವಾರದ ಮೇಲೆ ಬರುತ್ತದೆ. ಪುಡಿ ಮಾಡಿದ ಯಾಲಕ್ಕಿ ದಿನದಿನಕ್ಕೂ ಸೊರಗುತ್ತದೆ. ಒಂದು ಕೆಜಿ ಪುಡಿಯ ಕೊನೆಯ ಅರ್ಧ ಬರೀ ಕಂದು ಧೂಳು. ಅಗ್ಗ ಅಂದಿರಲ್ಲ, ಅದು ಯಾವ ಅಗ್ಗ?

ನಾನು ಈಗ ಮಾಡುವುದು ಹೀಗೆ. ಯಾಲಕ್ಕಿ 20 ಗ್ರಾಂ, ಒಣ ಶುಂಠಿ 15, ಕರಿಮೆಣಸು 5, ಚಕ್ಕೆ 5, ಲವಂಗ 3. ಜಾಜಿಕಾಯಿ ಕೊನೆಗೆ ನಾಲ್ಕು ಸಲ ತುರಿಮಣೆಗೆ ಉಜ್ಜಿದರೆ ಸಾಕು. ಬಡೇಸೋಪು ಹಾಕುವವರಿದ್ದಾರೆ, ನನಗೆ ಅದು ಊಟದ ನಂತರದ ವಾಸನೆ, ಬೇಡ. ಲವಂಗವನ್ನು ಮಾತ್ರ ಕೈಯಳತೆಯಲ್ಲಿ ಹಾಕಬೇಡಿ. ಸ್ವಲ್ಪ ಹೆಚ್ಚಾದರೂ ಚಹಾ ಕುಡಿದಂತೆ ಆಗಲ್ಲ, ಹಲ್ಲುನೋವಿಗೆ ಮದ್ದು ಹಚ್ಚಿಕೊಂಡಂತೆ ಆಗುತ್ತದೆ.

ಶುಂಠಿಯನ್ನು ಮೊದಲು ಕುಟ್ಟಾಣಿಯಲ್ಲಿ ಜಜ್ಜಿ ಚೂರು ಮಾಡಿಕೊಳ್ಳಿ. ಆಮೇಲೆ ಸಣ್ಣ ಜಾರಿನಲ್ಲಿ ಎಲ್ಲ ಸೇರಿಸಿ, ಒಂದು ಚಮಚ ಸಕ್ಕರೆ ಹಾಕಿ. ಸಕ್ಕರೆ ಹರಳಿಗೆ ಯಾಲಕ್ಕಿ ಸಿಪ್ಪೆ ಚೆನ್ನಾಗಿ ಒಡೆಯುತ್ತದೆ. ಒಂದೇ ಸಮನೆ ತಿರುಗಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ, ಜಾರು ಬಿಸಿಯಾಗಬಾರದು. ಮುಚ್ಚಳ ತೆಗೆದಾಗ ಅಡುಗೆಮನೆ ಪೂರ್ತಿ ಘಮ್ಮೆಂದರೆ ಖುಷಿಪಡಬೇಡಿ, ಬಿಸಿ ಜಾಸ್ತಿಯಾಗಿದೆ ಅಂತ ಅರ್ಥ.

ಹುರಿಯುವುದು? ಬೇಡ. ಸಾರಿನ ಪುಡಿಯ ಅಭ್ಯಾಸದಲ್ಲಿ ಎಲ್ಲರೂ ಹುರಿಯುತ್ತಾರೆ. ಚಹಾಕ್ಕೆ ಹುರಿದ ವಾಸನೆ ಯಾಕೆ? ತೇವ ಹೋಗಬೇಕು ಅಷ್ಟೇ. ಸಿಂಧನೂರಿನ ಬಿಸಿಲಿದೆಯಲ್ಲ, ತೆಳ್ಳನೆ ಬಟ್ಟೆ ಮುಚ್ಚಿ ಅರ್ಧ ಗಂಟೆ ತಟ್ಟೆಯಲ್ಲಿಟ್ಟರೆ ಲವಂಗ ಪಟಕ್ಕನೆ ಮುರಿಯುತ್ತದೆ. ಮಳೆಗಾಲವಾದರೆ ಬಿಸಿ ತವೆಯ ಮೇಲೆ, ಒಲೆ ಆರಿಸಿ, ಎರಡು ನಿಮಿಷ. ಪೂರ್ತಿ ಆರಿದ ಮೇಲೆಯೇ ಜಾರಿಗೆ.

ನುಣ್ಣಗೆ ಬೇಕು ಅಂದಿದ್ದೀರಿ. ಯಾಕೆ? ನುಣ್ಣನೆ ಪುಡಿ ಸೋಸುವ ಜಾಲರಿಯಲ್ಲಿ ನಿಲ್ಲಲ್ಲ, ಕಪ್ಪಿನ ತಳದಲ್ಲಿ ಕೆಸರು. ಸಣ್ಣ ರವೆಯಷ್ಟು ತರಿ ಇರಲಿ. ಎರಡು ಕಪ್ಪಿಗೆ ಕಾಲು ಚಮಚ, ನೀರಿಗೆ ಚಹಾಪುಡಿಯ ಜೊತೆಗೇ. ಎರಡು ನಿಮಿಷ ಕುದಿದ ಮೇಲೆ ಹಾಲು. ಮಸಾಲೆಯ ಜೊತೆ ಹಸಿ ಶುಂಠಿಯೂ ಬೇಕು ಅನ್ನುವವರಾದರೆ ಅದನ್ನೂ ನೀರಲ್ಲೇ ಕುದಿಸಿ. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಕಿಣ್ವ ಇರುತ್ತದೆ, ಕುದಿಯುವ ನೀರಿನಲ್ಲಿ ಅದರ ಆಟ ನಿಲ್ಲುತ್ತದೆ.

ಕಾಲು ಕೆಜಿ ಯಾಲಕ್ಕಿ ಆಗಲೇ ತಂದಿಟ್ಟಿದ್ದೀರಿ ಅಂತ ಕೊನೆಯಲ್ಲಿ ಬರೆದಿದ್ದೀರಿ. ಚಿಂತೆ ಬೇಡ, ಬಿಡಿಸದೆ ಹಾಗೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಒಲೆಯ ಮೇಲಿನ ಗೂಡಿನಲ್ಲಿ ಬೇಡ, ಫ್ರಿಜ್ಜಿನ ತಲೆಯ ಮೇಲೂ ಬೇಡ, ಎರಡೂ ಕಡೆ ಬಿಸಿ. ಅಕ್ಕಿ ಡಬ್ಬಿಯ ಹಿಂದೆ ಕತ್ತಲಲ್ಲಿ ಇಡಿ. ಸಿಪ್ಪೆಯೊಳಗಿದ್ದರೆ ಅದು ಪುಡಿಯಷ್ಟು ಬೇಗ ಸೊರಗಲ್ಲ. ಮೊದಲ 50 ಗ್ರಾಂ ಮಾಡಿದ ದಿನ ಪುಡಿ ನೆಕ್ಕಿ ನೋಡಬೇಡಿ, ಒಂದು ಕಪ್ ಪೂರ್ತಿ ಚಹಾ ಮಾಡಿ ನೀವೇ ಮೊದಲು ಕುಡಿಯಿರಿ.