ಕರಪತ್ರದಲ್ಲಿ ಡ್ರೋನ್ ಇದೆ, ಮಗನನ್ನು ಕಳಿಸಲಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗ ಒಂಬತ್ತನೇ ಕ್ಲಾಸ್ ಮುಗಿಸಿದ್ದಾನೆ. ಹೂ ಮಳೆ ಬಿದ್ದು ತೋಟ ಬೆಳ್ಳಗಾದಾಗಿನಿಂದ ಫೋನ್ ಹಿಡಿದುಕೊಂಡು ವಿಡಿಯೋ ತೆಗೆಯುವುದೇ ಕೆಲಸ. ಬೆಂಗಳೂರಲ್ಲಿ ಹೈಸ್ಕೂಲ್ ಮಕ್ಕಳಿಗೆ ಎರಡು ವಾರದ ಡಿಜಿಟಲ್ ಮೀಡಿಯಾ ಬೇಸಿಗೆ ಶಿಬಿರ ಇದೆಯಂತೆ. ಅಲ್ಲೇ ಉಳಿದು ಕಲಿಯಬೇಕು. ಹೋಗಲೇಬೇಕು ಅಂತ ಹಟ ಹಿಡಿದಿದ್ದಾನೆ. ಕರಪತ್ರದಲ್ಲಿ ಸಿನಿಮಾ ಕ್ಯಾಮೆರಾ, ಡ್ರೋನ್, ಅನಿಮೇಷನ್ ಎಲ್ಲಾ ಇದೆ. ಫೀಸೂ ಜಾಸ್ತಿ. ಅವರಪ್ಪ "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ರೀಲ್ಸ್ ಕಲಿಯೋಕೆ ದುಡ್ಡು ಸುರಿಯಬೇಕಾ?" ಅನ್ನುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಕಳಿಸಿ ಅಕ್ಕಾ. ಆದರೆ ಫೀಸು ಕಟ್ಟುವ ಮೊದಲು ಶಿಬಿರದವರಿಗೆ ಒಂದು ಫೋನ್ ಮಾಡಿ.

ಡ್ರೋನ್ ಚಿತ್ರ ನೋಡಿ ಮರುಳಾಗಬೇಡಿ. 2021ರ ಡ್ರೋನ್ ನಿಯಮದ ಪ್ರಕಾರ ಪೈಲಟ್ ಸರ್ಟಿಫಿಕೇಟ್ ಸಿಗಬೇಕಾದರೆ 18 ವರ್ಷ ತುಂಬಿರಬೇಕು. 250 ಗ್ರಾಂ ಒಳಗಿನ ಪುಟ್ಟ ಡ್ರೋನ್‌ಗೆ ಅದು ಬೇಡ, ನಿಜ. ಆದರೂ ನಾನು ಕಂಡ ಒಂದು ಶಿಬಿರದಲ್ಲಿ ಮೇಷ್ಟ್ರು ಹಾರಿಸಿದರು, ಮಕ್ಕಳು ಕತ್ತೆತ್ತಿ ನೋಡಿದರು, ಅಷ್ಟರಲ್ಲಿ ಊಟದ ಬೆಲ್ ಆಯಿತು.

ಕೇಳಬೇಕಾದ್ದು ಬೇರೆ. ಎಷ್ಟು ಮಕ್ಕಳಿಗೆ ಒಂದು ಕಂಪ್ಯೂಟರ್? ನಾಲ್ಕು ಜನಕ್ಕೆ ಒಂದು ಅಂದರೆ ಮೌಸ್ ಹಿಡಿಯುವವನು ಒಬ್ಬನೇ. ಉಳಿದ ಮೂವರು ಬೆನ್ನ ಹಿಂದೆ ನಿಂತು ಬಾಯಲ್ಲೇ ಎಡಿಟಿಂಗ್ ಮಾಡುತ್ತಾರೆ. ಇಬ್ಬರಿಗೆ ಒಂದಿದ್ದರೆ ಪರವಾಗಿಲ್ಲ. ಆಮೇಲೆ, ಮಗ ವಾಪಸ್ ಬರುವಾಗ ತಾನೇ ಶೂಟ್ ಮಾಡಿ, ತಾನೇ ಎಡಿಟ್ ಮಾಡಿ ಮುಗಿಸಿದ ಒಂದು ವಿಡಿಯೋ ತರುತ್ತಾನಾ? ಮೂರು ನಿಮಿಷದ್ದಾದರೂ ಸಾಕು. "ಎಲ್ಲಾ ವಿಷಯದ ಪರಿಚಯ ಮಾಡಿಸುತ್ತೇವೆ" ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ.

ಅಲ್ಲೇ ಉಳಿದು ಕಲಿಯುವುದಕ್ಕೆ ನಾನು ಯಾಕೆ ಹೂಂ ಅನ್ನುತ್ತೇನೆ ಗೊತ್ತಾ? ಈ ಕೆಲಸಕ್ಕೆ ಬೇಕಾದ ಬೆಳಕು ಸಿಗುವುದು ಬೆಳಿಗ್ಗೆ ಬೇಗ, ಸಂಜೆ ತಡವಾಗಿ. ಹತ್ತರಿಂದ ನಾಲ್ಕರ ಕ್ಲಾಸಿಗೆ ಎರಡೂ ತಪ್ಪಿ ಹೋಗುತ್ತವೆ. ನಮ್ಮ ಬೇಲೂರನ್ನೇ ನೋಡಿ. ಚೆನ್ನಕೇಶವ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಬಳಪದ ಕಲ್ಲಿನ ಕೆತ್ತನೆಯಲ್ಲಿ ಬಳೆ, ಸರ, ಬೆರಳು ಎಲ್ಲಾ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಅದೇ ಹನ್ನೆರಡು ಗಂಟೆಗೆ ಹೋದರೆ ಸೂರಿನ ಕೆಳಗಿನ ಮದನಿಕೆಯರು ನೆರಳಲ್ಲಿ ಮುಳುಗಿರುತ್ತಾರೆ, ಹಿಂದೆ ಆಕಾಶ ಬಿಳಿ ಬಿಳಿ. ಶಿಬಿರದವರು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಬರುತ್ತೇವೆ ಅಂದರೆ ಎಷ್ಟು ಗಂಟೆಗೆ ಅಂತ ಕೇಳಿ. ಉತ್ತರದಲ್ಲೇ ಮೇಷ್ಟ್ರ ಬಂಡವಾಳ ಗೊತ್ತಾಗುತ್ತದೆ.

ಇನ್ನು ರಾತ್ರಿ. ಊಟ ಆದ ಮೇಲೆ ಆ ದಿನದ ಫುಟೇಜ್ ಹಾಕಿಕೊಂಡು ಹುಡುಗರು ಒಬ್ಬರನ್ನೊಬ್ಬರು ಗೋಳು ಹುಯ್ದುಕೊಳ್ಳುತ್ತಾರಲ್ಲ, "ಈ ಶಾಟ್ ಯಾಕೋ ಇಷ್ಟುದ್ದ? ಏನೂ ಆಗ್ತಾನೇ ಇಲ್ಲ" ಅಂತ, ಅರ್ಧ ವಿದ್ಯೆ ಅಲ್ಲೇ ಬರುತ್ತದೆ. ನನ್ನಂಥ ಮದುವೆ ವಿಡಿಯೋದವನಿಗೆ ಹಾಗೆ ಮುಖದ ಮೇಲೆ ಹೇಳುವವರು ಸಿಗಲೇ ಇಲ್ಲ. ದುಡ್ಡು ಕೊಟ್ಟವರೆಲ್ಲ ಸೂಪರ್ ಅನ್ನುವವರೇ!

ರಾತ್ರಿ ವಾರ್ಡನ್ ಹಾಸ್ಟೆಲಲ್ಲೇ ಮಲಗುತ್ತಾರಾ, ಮಗ ಮನೆಗೆ ಯಾವಾಗ ಮಾತಾಡಬಹುದು, ಇದನ್ನೂ ಕೇಳಿ. ಫಾರಂ ಪೂರ್ತಿ ಓದಿ. ಮಕ್ಕಳ ಫೋಟೋ, ವಿಡಿಯೋ ಜಾಹೀರಾತಿಗೆ ಬಳಸುತ್ತೇವೆ ಅಂತ ಸಣ್ಣಕ್ಷರದಲ್ಲಿದ್ದರೆ, ಇಷ್ಟವಿಲ್ಲದಿದ್ದರೆ ಆ ಸಾಲು ಹೊಡೆದು ಹಾಕಿ ಸಹಿ ಮಾಡಿ. 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಒಪ್ಪಿಗೆ ಕೊಡಬೇಕಾದವರು ನೀವು.

ಬ್ಯಾಗಲ್ಲಿ ಒಂದು ಹಾರ್ಡ್ ಡಿಸ್ಕ್ ಇಡಿ, ಪೆನ್ ಡ್ರೈವ್ ಸಾಲದು. ಫೋನಿನಲ್ಲೇ ಫೋರ್ ಕೆ ವಿಡಿಯೋ ತೆಗೆದರೂ ನಿಮಿಷಕ್ಕೆ 350 ಎಂಬಿ ಆಸುಪಾಸು ತಿನ್ನಬಹುದು. ಒಂದು ಗಂಟೆಗೆ 20 ಜಿಬಿ ಆಗಿಹೋಯಿತು.

ಅವರಪ್ಪನಿಗೆ ಹೇಳಿ, ಸ್ಪೆಷಲ್ ಕ್ಲಾಸ್ ಯಾವಾಗ ಶುರು ಅಂತ ಶಾಲೆಯಲ್ಲಿ ವಿಚಾರಿಸಿ ಅದಕ್ಕೆ ಅಡ್ಡ ಬರದ ಬ್ಯಾಚ್ ಹಿಡಿಯೋಣ ಅಂತ. ಮುಂದೆ ಡಿಸೈನ್ ಓದುವ ಮನಸ್ಸಾದರೆ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಪ್ರವೇಶ ಪರೀಕ್ಷೆ, ಐಐಟಿಯಂಥ ಕಡೆ ಡಿಸೈನ್ ಓದಲು ಬರೆಯುವ ಯುಸೀಡ್ ಪರೀಕ್ಷೆ ಇವೆ. ಪಿಯುಸಿಯಲ್ಲಿ ಸೈನ್ಸೇ ಆಗಬೇಕು ಅಂತಿಲ್ಲ, ಆರ್ಟ್ಸ್, ಕಾಮರ್ಸ್‌ನವರೂ ಬರೆಯಬಹುದು. ಶಿಬಿರದ ಸರ್ಟಿಫಿಕೇಟ್ ತೋರಿಸಿ ಸೀಟು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಪ್ರಶ್ನೆ: ಸರ್, ನಾನು ಹತ್ತನೇ ಕ್ಲಾಸ್. ಶಿಬಿರಕ್ಕೆ ಕಟ್ಟುವಷ್ಟು ದುಡ್ಡು ನಮ್ಮಲ್ಲಿಲ್ಲ. ಅಮ್ಮನ ಫೋನ್ ಸಂಜೆ ಮಾತ್ರ ಸಿಗುತ್ತದೆ. ಮನೆಯಲ್ಲೇ ಏನಾದರೂ ಕಲಿಯಬಹುದಾ?
— ವಿದ್ಯಾರ್ಥಿನಿ, ಕಡೂರು

ಉತ್ತರ: ಸಂಜೆ ಸಿಗುತ್ತದೆ ಅಂದೆಯಲ್ಲ, ಒಳ್ಳೆಯ ಬೆಳಕೇ ನಿನ್ನ ಪಾಲಿಗೆ ಬಂತು ಬಿಡು. ಬೀದಿಯಲ್ಲಿ ಎಳನೀರು ಕೊಚ್ಚುವವರೋ, ಟೈಲರೋ, ಯಾರಾದರೂ ಒಬ್ಬರನ್ನು ಕೇಳಿ ಒಪ್ಪಿಸಿಕೋ. ಅಂಗಡಿ ಪೂರ್ತಿ ಕಾಣುವಂತೆ ಒಂದು ಶಾಟ್, ಕೆಲಸ ಮಾಡುವ ಕೈ, ಮುಖ, ಅವರು ನೋಡುತ್ತಿರುವ ವಸ್ತು. ಒಂದೊಂದೂ ಹತ್ತು ಸೆಕೆಂಡ್, ಫೋನ್ ಅಲ್ಲಾಡಬಾರದು.

ಮಾತಾಡಿಸುವಾಗ ಇನ್ನೊಬ್ಬರ ಫೋನ್ ಸಾಲ ತಗೋ. ಅದರಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಅವರ ಗಲ್ಲದ ಹತ್ತಿರ ಹಿಡಿ. ಜೇಬಿಗೆ ಹಾಕಿದರೆ ಬಟ್ಟೆ ಸರಸರ ಅನ್ನುತ್ತದೆ. ಎರಡೂ ಫೋನ್ ಆನ್ ಮಾಡಿ ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ಹೊಡಿ. ಎಡಿಟ್ ಮಾಡುವಾಗ ಆ ಚಪ್ಪಾಳೆಯ ಸದ್ದನ್ನು ಕೈ ಸೇರುವ ಚಿತ್ರಕ್ಕೆ ಕೂರಿಸಿದರೆ ಮಾತೆಲ್ಲ ತುಟಿಗೆ ಸರಿಯಾಗಿ ಹೊಂದುತ್ತದೆ.

ಎಡಿಟಿಂಗ್‌ಗೆ ಶಾಟ್‌ಕಟ್ ಅನ್ನೋ ಸಾಫ್ಟ್‌ವೇರ್ ಪೂರ್ತಿ ಉಚಿತ. ನಿಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್ ಬೇಸಿಗೆಯಲ್ಲಿ ಸುಮ್ನೆ ಬೀಗ ಹಾಕಿಕೊಂಡು ಕೂತಿರುತ್ತದೆ ಅಲ್ವಾ? ಹೆಡ್ ಮಾಸ್ತರರಿಗೆ ಒಂದು ಅರ್ಜಿ ಬರಿ, ಇಬ್ಬರು ಗೆಳತಿಯರ ಸಹಿಯನ್ನೂ ಹಾಕಿಸು.