ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಫಿಟ್ಸೂ ಮೆದುಳಿನ ಸಾರುವೆಯೂ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ಡೊಂಬಿವಲಿಯಲ್ಲಿರೋದು, ಊರು ಕುಂದಾಪುರದ ಕಡೆ. ಮಗಳಿಗೆ 17, ಹನ್ನೆರಡನೇ ಕ್ಲಾಸು. ಎಂಟನೇ ವಯಸ್ಸಿಂದ ಫಿಟ್ಸ್ ಬರ್ತಿದೆ. ಈ ಸಲ ಎಂಆರ್‌ಐ ಮಾಡ್ಸಿದಾಗ ‘ಡಬಲ್ ಕಾರ್ಟೆಕ್ಸ್’ ಅಂದ್ರು, ಆಮೇಲೆ ಜೀನ್ ಟೆಸ್ಟ್‌ನಲ್ಲಿ ಡಿಸಿಎಕ್ಸ್ ಅನ್ನೋ ಜೀನಲ್ಲಿ ದೋಷ ಇದೆ, ಅದು ಸೈಟೋಸ್ಕೆಲಿಟನ್ ನೋಡ್ಕೊಳ್ಳೋ ಪ್ರೋಟೀನಿಂದು ಅಂತ ಬರ್ದಿದೆ. ಎರಡು ನಿಮಿಷದಲ್ಲಿ ಹೇಳಿ ಕಳಿಸಿದ್ರು, ಒಂದೂ ತಲೆಗೆ ಹೋಗ್ಲಿಲ್ಲ. ಅವಳು ಹೊಟ್ಟೇಲಿದ್ದಾಗ ಏಳನೇ ತಿಂಗಳವರೆಗೂ ನಾನು ಲೋಕಲ್‌ನಲ್ಲಿ ನಿಂತ್ಕೊಂಡೇ ಆಫೀಸಿಗೆ ಹೋಗ್ತಿದ್ದೆ, ಆ ನೂಕುನುಗ್ಗಲಿಂದ್ಲೇ ಹೀಗಾಯ್ತು ಅಂತ ಅತ್ತೆ ಅಂತಾರೆ. ಹೌದಾ? ಅವಳ ತಮ್ಮನಿಗೆ 11, ಅವನಿಗೂ ಬರತ್ತಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ನೋಡಮ್ಮಾ, ಮೊದ್ಲು ಲೋಕಲ್ ಟ್ರೈನಿನ ಮಾತು ಮುಗಿಸಿಬಿಡೋಣ. ಅದರಿಂದ ಆಗಿದ್ದಲ್ಲ. ನೀವು ನಿಂತಿದ್ದಕ್ಕೂ ಅಲ್ಲ, ಕೂತಿದ್ರೂ ತಪ್ತಿರ್ಲಿಲ್ಲ. ಈ ಜೀನಿನ ಬದಲಾವಣೆ ಮಗು ಮೂಡೋ ಹೊತ್ತಿಗೇ ಆಗಿರೋದು, ನಿಮಗೆ ಬಸಿರು ಅಂತ ಗೊತ್ತಾಗೋಕೂ ಮುಂಚೆ. ಈ ಪುಟ ಅತ್ತೆಯವ್ರಿಗೂ ಓದಿ ಹೇಳಿ, ನಾನು ಹೇಳ್ದೆ ಅಂತ್ಲೇ ಹೇಳಿ.

ಈಗ ಸೈಟೋಸ್ಕೆಲಿಟನ್. ಮುಂಬಯಿಯಲ್ಲಿ ಹಳೇ ಬಿಲ್ಡಿಂಗ್ ರಿಪೇರಿಗೆ ಬಿದಿರಿನ ಸಾರುವೆ ಕಟ್ತಾರಲ್ಲ, ಹಗ್ಗದಲ್ಲಿ ಗಂಟು ಹಾಕಿ ಹಾಕಿ, ಮಾಳಿಗೆ ಮೇಲೆ ಮಾಳಿಗೆ ಏರಿಸ್ತಾ ಹೋಗ್ತಾರೆ. ನಮ್ಮ ಒಂದೊಂದು ಜೀವಕೋಶದ ಒಳಗೂ ಅಂಥದ್ದೊಂದು ಸಾರುವೆ ಇದೆ. ಅದ್ರಲ್ಲಿ ಮೈಕ್ರೋಟ್ಯೂಬ್ಯೂಲ್ ಅಂದ್ರೆ ಬಿದಿರೇ, ಒಳಗೆ ಟೊಳ್ಳು, ದಪ್ಪ ಎಷ್ಟು ಅಂದ್ರೆ ಒಂದು ಮಿಲಿಮೀಟರನ್ನ 40,000 ಪಾಲು ಮಾಡಿದ್ರೆ ಒಂದು ಪಾಲು. ಇನ್ನೊಂದು ಆಕ್ಟಿನ್, ಅದು ಇನ್ನೂ ಸಣ್ಣ ಎಳೆ. ಆದ್ರೆ ಈ ಸಾರುವೆ ಕಟ್ಟಿ ಬಿಟ್ಟು ಹೋಗೋದಲ್ಲ, ಗಳಿಗೆ ಗಳಿಗೆಗೂ ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಕಟ್ತಾನೇ ಇರತ್ತೆ, ಎಲ್ಲಿ ಕಟ್ಬೇಕು ಎಲ್ಲಿ ಬಿಚ್ಬೇಕು ಅಂತ ನೋಡ್ಕೊಳ್ಳೋಕೆ ಬೇರೆ ಪ್ರೋಟೀನುಗಳಿದಾವೆ. ಡಿಸಿಎಕ್ಸ್ ಜೀನಿಂದ ತಯಾರಾಗೋ ಡಬಲ್‌ಕಾರ್ಟಿನ್ ಅಂಥ ಒಂದು, ಬಿದಿರು ಬಿಚ್ಚಿಹೋಗದ ಹಾಗೆ ಹಾಕೋ ಗಂಟು ಅಂತ ತಿಳ್ಕೊಳ್ಳಿ. 1998ರಲ್ಲಿ ಈ ಜೀನ್ ಪತ್ತೆ ಆಯ್ತು.

ಮಗುವಿನ ಮೆದುಳಿನ ನರಕೋಶಗಳು ಹುಟ್ಟೋದು ಒಳಗಡೆ, ನಡುವಿನ ನೀರಿನ ಕೋಣೆಗಳ ಪಕ್ಕದಲ್ಲಿ. ಅಲ್ಲಿಂದ ಅವು ಹೊರಗಿನ ಪದರದವರೆಗೆ ನಡ್ಕೊಂಡು ಹೋಗ್ಬೇಕು, ಮುಖ್ಯವಾಗಿ ಮೂರನೇ ತಿಂಗಳಿಂದ ಆರನೇ ತಿಂಗಳೊಳಗೆ. ಕೋಶ ಮುಂದಕ್ಕೊಂದು ಕೈ ಚಾಚತ್ತೆ, ಆಮೇಲೆ ಒಳಗಿರೋ ನ್ಯೂಕ್ಲಿಯಸ್ಸನ್ನ ಆ ಬಿದಿರುಗಳ ಆಸರೆಯಲ್ಲಿ ಎಳ್ಕೊಂಡು ಬರತ್ತೆ, ಮತ್ತೆ ಚಾಚತ್ತೆ, ಮತ್ತೆ ಎಳೀತದೆ. ಗಂಟು ಸಡಿಲ ಇದ್ರೆ ದಾರಿ ಮಧ್ಯದಲ್ಲೇ ನಿಂತ್ಬಿಡತ್ತೆ.

ಹಾಗಾದ್ರೆ ನಿಮ್ಮ ಮಗಳಲ್ಲಿ ಎಲ್ಲಾ ಕೋಶ ಯಾಕೆ ನಿಲ್ಲಲಿಲ್ಲ? ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮಲ್ಲಿ. ಹುಡುಗಿಯರಿಗೆ ಎರಡು ಎಕ್ಸ್, ಒಂದೊಂದು ಕೋಶದಲ್ಲೂ ಅದ್ರಲ್ಲಿ ಒಂದು ಮಲಗಿರತ್ತೆ. ಸರಿಯಿರೋ ಎಕ್ಸ್ ಎಚ್ಚರ ಇದ್ದ ಕೋಶಗಳು ಮೇಲೆ ಮುಟ್ಟಿದ್ವು, ಉಳಿದವು ಅರ್ಧ ದಾರೀಲೇ ಕೂತ್ವು. ಮನೇಲಿ ಆ ಎಂಆರ್‌ಐ ಫಿಲ್ಮ್ ಇದ್ರೆ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಅಂಚಲ್ಲಿ ಮಡಿಕೆ ಮಡಿಕೆಯಾಗಿರೋ ಬೂದು ಪದರ, ಅದರ ಕೆಳಗೆ ಬೇರೆ ಬಣ್ಣದ ತೆಳು ಗೆರೆ, ಅದರ ಕೆಳಗೆ ಮತ್ತೊಂದು ಬೂದು ಪಟ್ಟಿ, ಸೀರೆಗೆ ಒಳಗಡೆ ಫಾಲ್ ಹೊಲಿದ ಹಾಗೆ. ಆ ಪಟ್ಟಿಯೇ ಅರ್ಧ ದಾರೀಲಿ ಕೂತ ಕೋಶಗಳು. ಕಾರ್ಟೆಕ್ಸ್ ಅಂದ್ರೆ ಮೆದುಳಿನ ಹೊರಪದರ, ಅದು ಹೀಗೆ ಎರಡಾಗಿ ಕಾಣೋದಕ್ಕೇ ‘ಡಬಲ್ ಕಾರ್ಟೆಕ್ಸ್’ ಅನ್ನೋದು. ಅವು ಸತ್ತಿಲ್ಲ, ಜೀವಂತ ಇದಾವೆ, ತಮ್ಮತಮ್ಮಲ್ಲೇ, ಮೇಲಿನ ಪದರದ ಜೊತೆಗೂ ವೈರಿಂಗ್ ಮಾಡ್ಕೊಂಡಿದಾವೆ, ಆ ವೈರಿಂಗ್ ಸರಿ ಇಲ್ದೇ ಇರೋದ್ರಿಂದ ಕರೆಂಟ್ ಒಮ್ಮೊಮ್ಮೆ ಉಕ್ಕಿ ಫಿಟ್ಸ್ ಆಗತ್ತೆ.

ತಮ್ಮನ ವಿಷಯ. ಹುಡುಗರಿಗೆ ಒಂದೇ ಎಕ್ಸ್, ಅದ್ರಲ್ಲೇ ದೋಷ ಇದ್ರೆ ಸಾಮಾನ್ಯವಾಗಿ ಮೆದುಳಿನ ಮೇಲ್ಮೈಯೇ ಮಡಿಕೆ ಇಲ್ದೆ ನುಣ್ಣಗಾಗತ್ತೆ, ಅದು ಕೂಸಿದ್ದಾಗ್ಲೇ ಗೊತ್ತಾಗಿಬಿಡತ್ತೆ. ನಿಮ್ಮ ಮಗ 11 ವರ್ಷ ಆಡ್ಕೊಂಡು ಓದ್ಕೊಂಡು ಇದಾನೆ ಅಂದ್ರೆ ಧೈರ್ಯವಾಗಿರಿ. ಆದ್ರೂ ನೀವೊಮ್ಮೆ ಟೆಸ್ಟ್ ಮಾಡಿಸ್ಕೊಳ್ಳಿ. ತಪ್ಪು ಹುಡುಕೋಕಲ್ಲ, ನಿಮ್ಮಲ್ಲೂ ಆ ಬದಲಾವಣೆ ಇದ್ರೆ ನಿಮ್ಮ ಅಕ್ಕತಂಗಿಯರಿಗೆ ತಿಳಿಸ್ಬೇಕಾಗತ್ತೆ, ಮುಂದೆ ಮಗಳಿಗೆ ಮಕ್ಕಳಾಗೋ ಕಾಲಕ್ಕೂ ಆ ಲೆಕ್ಕ ಬೇಕು, ಅವಳ ಪ್ರತಿ ಮಗುವಿಗೂ ಅದು ಹೋಗೋ ಸಾಧ್ಯತೆ ಅರ್ಧಕ್ಕರ್ಧ.

ಮಾತ್ರೆ ಆ ಪಟ್ಟಿಯನ್ನ ಅಳಿಸಲ್ಲ, ಕರೆಂಟ್ ಉಕ್ಕೋದನ್ನ ತಡೀತದೆ ಅಷ್ಟೆ, ಅದಕ್ಕೇ ಫಿಟ್ಸ್ ನಿಂತ್ರೂ ನೀವಾಗಿ ಮಾತ್ರೆ ನಿಲ್ಲಿಸ್ಬೇಡಿ. ಪರೀಕ್ಷೆ ಅಂತ ನಿದ್ದೆ ಕೆಡ್ಸೋದೂ ಬೇಡ. ಎರಡು ಔಷಧ ಸರಿಯಾದ ಡೋಸಲ್ಲಿ ಕೊಟ್ರೂ ಹಿಡಿತಕ್ಕೆ ಬರ್ದಿದ್ರೆ ಎಪಿಲೆಪ್ಸಿಯನ್ನೇ ನೋಡೋ ನ್ಯೂರಾಲಜಿಸ್ಟ್ ಹತ್ರ ಹೋಗಿ. ಅವಳು ತಗೊಳ್ತಿರೋದು ವಾಲ್ಪ್ರೊಯೇಟ್ ಆಗಿದ್ರೆ, ಹೊಟ್ಟೇಲಿರೋ ಮಗುವಿಗೆ ಅದರಿಂದ ತೊಂದರೆ ಇದೆ, ಆ ವಿಷಯ ಈಗ್ಲೇ ಡಾಕ್ಟರ ಹತ್ರ ಎತ್ತಿ. ಮದುವೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ: ಮೂರ್ಛೆರೋಗ ಇದ್ರೆ ಮದುವೆ ಕೂಡದು ಅನ್ನೋ ಮಾತನ್ನ ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದು ಹಾಕಿದಾರೆ.

ಪ್ರಶ್ನೆ: ನನ್ನ ತಂಗಿಗೆ ಮೆದುಳಿನ ನೀರಿನ ಕೋಣೆ ಪಕ್ಕ ಗಂಟುಗಳಿವೆ, ಫಿಲಾಮಿನ್ ಎ ದೋಷ ಅಂದಿದಾರೆ. ಇದೂ ಸೈಟೋಸ್ಕೆಲಿಟನ್ನೇನಾ? ಇದನ್ನ ರಿಪೇರಿ ಮಾಡತ್ತೆ ಅಂತ ಒಬ್ರು ಪೌಡರ್ ಮಾರ್ತಿದಾರೆ, ಕೊಡ್ಬಹುದಾ?
– ಪುಣೆಯ ಓದುಗ

ಉತ್ತರ: ಹೌದು, ಅದೇ ಮನೆತನ. ಫಿಲಾಮಿನ್ ಆಕ್ಟಿನ್ ಎಳೆಗಳನ್ನ ಒಂದಕ್ಕೊಂದು ಹೆಣೆಯೋದು. ಅದು ಕಮ್ಮಿಯಾದ್ರೆ ಕೆಲವು ಕೋಶಗಳು ಹುಟ್ಟಿದ ಜಾಗ ಬಿಟ್ಟು ಹೊರಡೋದೇ ಇಲ್ಲ, ಅಲ್ಲೇ ಗಂಟು ಗಂಟಾಗಿ ಉಳೀತಾವೆ. ಫಿಲಾಮಿನ್ ಕೆಲಸ ಹೃದಯದ ಕವಾಟ, ದೊಡ್ಡ ರಕ್ತನಾಳದಲ್ಲೂ ಇದೆ, ಹಾಗಾಗಿ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡ್ಸಿಲ್ಲ ಅಂದ್ರೆ ಈ ವಾರವೇ ಮಾಡ್ಸಿ. ಪೌಡರ್ ಖಂಡಿತ ಬೇಡ. ಟೌ ಅನ್ನೋ ಇನ್ನೊಂದು ಸೈಟೋಸ್ಕೆಲಿಟನ್ ಪ್ರೋಟೀನ್ ಕಮ್ಮಿ ಮಾಡಿದ್ರೆ ಇಲಿಗಳಲ್ಲಿ ಫಿಟ್ಸ್ ಕಮ್ಮಿ ಆಗತ್ತೆ ಅಂತ ಲ್ಯಾಬಲ್ಲಿ ಕಂಡಿದೆ ನಿಜ, ಅದು ಲ್ಯಾಬಿನ ಇಲಿಯ ಮಾತು, ಡಬ್ಬಿಯಲ್ಲಿ ತುಂಬಿ ಮಾರೋ ಹಂತಕ್ಕೆ ಬಂದಿಲ್ಲ. ತಂಗಿಯ ಮಾತ್ರೆ ಒಂದೂ ತಪ್ಪದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ದಾದರ್ ಪ್ಲಾಟ್‌ಫಾರ್ಮಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬಂತು, ಜನ ಮೂಗಿಗೆ ಚಪ್ಪಲಿ ಹಿಡಿದ್ರು, ಬಾಯಿಗೆ ಚಮಚ ತುರುಕಿದ್ರು. ಸರಿನಾ?
– ಮಾಟುಂಗಾದಿಂದ

ಉತ್ತರ: ಎರಡೂ ತಪ್ಪು. ಚಮಚದಿಂದ ಹಲ್ಲು ಮುರಿಯತ್ತೆ, ಮುರಿದ ಚೂರು ಉಸಿರಿನ ದಾರಿಗೆ ಹೋಗತ್ತೆ. ಮೊದ್ಲು ಹಳಿಯ ಅಂಚಿಂದ ದೂರ ಸರಿಸಿ, ತಲೆ ಕೆಳಗೆ ನಿಮ್ಮ ಬ್ಯಾಗೋ ದುಪಟ್ಟಾನೋ ಇಡಿ, ಕೈಕಾಲು ಅದುಮಿ ಹಿಡೀಬೇಡಿ, ಅದುರೋದು ಕಮ್ಮಿ ಆದ ಕೂಡ್ಲೇ ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ, ಇಲ್ಲಾ ಎಚ್ಚರ ಬರೋದ್ರೊಳಗೆ ಇನ್ನೊಂದು ಬಂದ್ರೆ, 108ಕ್ಕೆ ಫೋನ್ ಮಾಡಿ. ಎಚ್ಚರ ಆದ್ಮೇಲೆ ಆ ಹುಡುಗನಿಗೆ ತಾನೆಲ್ಲಿದೀನಿ ಅನ್ನೋದೂ ಗೊತ್ತಿರಲ್ಲ, ಗುಂಪು ಚದುರಿಸಿ ಯಾರಾದ್ರೂ ಒಬ್ರು ಪಕ್ಕದಲ್ಲಿ ಕೂತಿರಿ.