ಪ್ರತಿಕ್ರಿಯೆ: ಬೆಂಗಳೂರಿನ ಜಕ್ಕೂರು ಕೆರೆಗೆ ಹಕ್ಕಿ ನೋಡಲು ಆಫೀಸಿನವರ ನಡಿಗೆ, ‘ನೋಡೋಕೆ ಏನೂ ಇರಲಿಲ್ಲ’ ಎಂದಿದ್ದಕ್ಕೆ

25 ಜನ, ಬೆಳಿಗ್ಗೆ 9:30, ಎಲ್ಲೂ ನಿಲ್ಲದೆ ಪೂರ್ತಿ ಸುತ್ತು ಎಂದು ಬರೆದಿದ್ದೀರಿ. ತೊಂದರೆ ಬಹುಶಃ ಕೆರೆಯದ್ದಲ್ಲ, ಸಮಯ ಮತ್ತು ವೇಗದ್ದು. ಅಷ್ಟು ಹೊತ್ತಿಗೆ ಹಕ್ಕಿಗಳ ಓಡಾಟ ತಗ್ಗಿರುತ್ತದೆ, ಗುಂಪಿನ ಮಾತು ಮುಂದಿರುವ ಹಕ್ಕಿಗಳನ್ನೆಲ್ಲ ಹಾರಿಸಿಬಿಡುತ್ತದೆ.

ಮೊದಲು ಎಂಟೆಂಟು ಜನರ ಗುಂಪು ಮಾಡಿ, 15 ನಿಮಿಷ ಅಂತರದಲ್ಲಿ ಬಿಡಿ. 6:30ಕ್ಕೆ ಶುರುವಾಗಲಿ. ಗುಂಪಿಗೆ ಎರಡು 8×42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಹೊರಡುವ ಮುಂಚೆಯೇ ದೂರದ ಬೋರ್ಡೊಂದರ ಮೇಲೆ ಫೋಕಸ್ ಮಾಡಿಸಿ, ಇಲ್ಲವಾದರೆ ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ. ಪೂರ್ವ ದಂಡೆಯಿಂದ ನೋಡಿ. ಬಿಸಿಲು ಬೆನ್ನಿಗಿದ್ದರೆ ಹಕ್ಕಿ ಕಪ್ಪು ಆಕೃತಿಯಾಗದೆ ಬಣ್ಣಸಮೇತ ಕಾಣುತ್ತದೆ.

ಪೂರ್ತಿ ಸುತ್ತು ಹಾಕುವುದನ್ನು ಬಿಟ್ಟುಬಿಡಿ. ಸಂಸ್ಕರಿಸಿದ ಕೊಳಚೆ ನೀರು ಜೌಗು ದಾಟಿ ಕೆರೆಗೆ ಇಳಿಯುವ ಕಡೆ 20 ನಿಮಿಷ ಸುಮ್ಮನೆ ನಿಲ್ಲಿ. ಜೊಂಡಿನ ಅಂಚಲ್ಲಿ ನೇರಳೆ ಜಂಬುಕೋಳಿ (ಪರ್ಪಲ್ ಸ್ವಾಂಪ್‌ಹೆನ್ ಎಂಬ ಜೌಗಿನ ಹಕ್ಕಿ) ಕಂಡರೆ ಅದರ ಕಾಲನ್ನೇ ಗಮನಿಸಲು ಹೇಳಿ: ದಂಟನ್ನು ಬೆರಳಲ್ಲಿ ಹಿಡಿದೆತ್ತಿ, ನಾವು ಕಬ್ಬು ತಿಂದ ಹಾಗೆ ಕಚ್ಚುತ್ತದೆ. ರೆಕ್ಕೆ ಬಿಚ್ಚಿ ಕೂತ ನೀರುಕಾಗೆ ಒದ್ದೆ ಗರಿ ಒಣಗಿಸಿಕೊಳ್ಳುತ್ತಿರುತ್ತದೆ. ಹೆಸರಿನ ಪಟ್ಟಿ ಓದಿಸಬೇಡಿ. ಹೊಸಬರಿಗೆ ಬೇಜಾರು ತರಿಸುವುದೇ ಅದು.

ವಲಸೆ ಹಕ್ಕಿ ಬೇಕಿದ್ದರೆ ನವೆಂಬರ್‌ನಿಂದ ಫೆಬ್ರುವರಿ. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ತಿಂಡಿ 8:30ಕ್ಕೆ ಎಂದು ಮೊದಲೇ ಹೇಳಿಬಿಡಿ, ಆಗ ಯಾರೂ ಗಡಿಯಾರ ನೋಡುವುದಿಲ್ಲ.

ಬೆಳಿಗ್ಗೆ ಏಳುವವರಿಲ್ಲದ ಟೀಮಾದರೆ ಸಂಜೆ 4:30ಕ್ಕೆ ಹೋಗಿ, ಆದರೆ ಪಶ್ಚಿಮ ದಂಡೆಯಿಂದ.